ದೀಪದ ಮೇಲಿನ ಶಾಸನ

ಅಕ್ಕನ ಮಗ ನನ್ನ ಮೇಜಿನ ಮೇಲೆ ಇಟ್ಟದ್ದು ಎರಡು ಮೊಳ ಉದ್ದದ ಒಂದು ಅಲ್ಯೂಮಿನಿಯಂ ಪಟ್ಟಿ. ಅದರ ಮೈತುಂಬ ಅಕ್ಕಿಕಾಳಿಗಿಂತ ಚಿಕ್ಕ ಹಳದಿ ಚುಕ್ಕೆಗಳು, ಒಂದು ತುದಿಯಲ್ಲಿ ಎರಡು ವೈರು, ಪಕ್ಕದಲ್ಲಿ ಅದಕ್ಕೆ ಕರೆಂಟನ್ನು ಹದವಾಗಿ ಕೊಡುವ ಡ್ರೈವರ್ ಮತ್ತು ಖಾಲಿ ಡಬ್ಬಿ.

“ಮಾಮ, ಕಲ್ಲಿನ ಮೇಲೆ, ತಾಮ್ರದ ಮೇಲೆ ಬರೆದಿದ್ದು ಖರೆ ಐತೋ ಸುಳ್ಳೋ ಅಂತ ನೋಡ್ತೀರಲ್ಲ, ಇದರ ಮೇಲೆ ಬರೆದಿದ್ದನ್ನೂ ಒಂದಿಷ್ಟು ನೋಡ್ರಿ” ಎಂದ.

ಅವನದು ದಾವಣಗೆರೆಯ ಹದಡಿ ರಸ್ತೆಯ ಕಡೆ ಚಿಕ್ಕದೊಂದು ಅಂಗಾಂಶ ಕೃಷಿ ಘಟಕ. ಜಿ-9 ಬಾಳೆಯ ಗೆಡ್ಡೆಯಿಂದ ತೆಗೆದ ಸುಳಿಯ ಚೂರು ಬಾಟಲಿಯೊಳಗೆ ಕವಲೊಡೆದು, ಬೇರು ಬಿಟ್ಟು, ಸಸಿಯಾಗುವವರೆಗೆ ತಿಂಗಳುಗಟ್ಟಲೆ ಅದಕ್ಕೆ ಸೂರ್ಯನ ದರ್ಶನವಿಲ್ಲ. ದಿನಕ್ಕೆ 16 ಗಂಟೆ ದೀಪದ ಬೆಳಕು, 8 ಗಂಟೆ ಕತ್ತಲೆ. ಘಟಕದಲ್ಲಿ ಹನ್ನೆರಡು ರ‍್ಯಾಕ್‌ಗಳಿವೆ, ಎಲ್ಲದಕ್ಕೂ ಹಳೆಯ ಟ್ಯೂಬ್‌ಲೈಟು. ಟ್ಯೂಬಿಗೆ ಒಂದು ಕರೆಂಟ್ ಬಿಲ್ಲು, ಟ್ಯೂಬಿನ ಶಾಖ ಇಳಿಸುವ ಎ.ಸಿ.ಗೆ ಇನ್ನೊಂದು. ಒಂದು ರ‍್ಯಾಕ್‌ಗೆ ಎಲ್‌ಇಡಿ ಬೆಳೆದೀಪ ಹಾಕಿ ನೋಡುವುದು, ಸರಿ ಎನಿಸಿದರೆ ಸಾಲ ತೆಗೆದು ಉಳಿದ ಹನ್ನೊಂದಕ್ಕೂ ಹಾಕಿಸುವುದು ಅವನ ಲೆಕ್ಕ. ಮಾರಿದವರು ಹೇಳಿದ್ದು ಒಂದೇ ಮಾತು: ಒಳಗಿರುವುದು ಸ್ಯಾಮ್‌ಸಂಗ್ ಎಲ್‌ಎಂ301ಬಿ ಚಿಪ್. ಡಬ್ಬಿಯ ಮೇಲೂ ಹಾಗೆಯೇ ಅಚ್ಚಾಗಿತ್ತು. ಮೂರನೆಯ ತಿಂಗಳಿಗೆ ಪಟ್ಟಿಯ ಒಂದು ತುದಿಯ ಚುಕ್ಕೆಗಳು ಮಂಕಾದವು. ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಅವನಿಗೆ ಉತ್ತರ ಬೇಕಾಗಿತ್ತು.

ವಿದ್ಯುತ್ತಿನ ಶಾಸ್ತ್ರ ನನ್ನದಲ್ಲ, ಶಾಸನಗಳದ್ದು ನನ್ನ ಓದು. ಆದರೆ ಅವನ ಪ್ರಶ್ನೆ ನನ್ನ ವಿದ್ಯೆಗೆ ಹೊಸದಲ್ಲ. ಒಂದು ವಸ್ತು ತನ್ನ ಮೈಮೇಲೆ ತನ್ನ ಹುಟ್ಟನ್ನು ತಾನೇ ಬರೆದುಕೊಂಡಿದೆ, ಅದನ್ನು ಎಷ್ಟು ನಂಬಬೇಕು? ಈ ಪ್ರಶ್ನೆಯ ಮೇಲೆಯೇ ಕನ್ನಡ ನಾಡಿನ ಶಾಸನಶಾಸ್ತ್ರ ಬೆಳೆದದ್ದು.

ಹಳೆಯ ತಾಮ್ರಪಟಗಳಲ್ಲಿ ‘ಕೂಟಶಾಸನ’ ಎಂಬ ಒಂದು ವರ್ಗವೇ ಇದೆ. ಯಾರೋ ಭೂಮಿಯ ಹಕ್ಕು ಸಾಧಿಸಲು ಹಿಂದಿನ ರಾಜನೊಬ್ಬನ ಹೆಸರಿನಲ್ಲಿ ಬರೆಸಿಟ್ಟ ಸುಳ್ಳು ದಾಖಲೆ. ಪಶ್ಚಿಮ ಗಂಗರ ತಾಮ್ರಪಟಗಳ ವಿಷಯದಲ್ಲಿ ಬಿ.ಎಲ್. ರೈಸ್ ಮತ್ತು ಜೆ.ಎಫ್. ಫ್ಲೀಟ್ ನಡುವೆ ನಡೆದ ವಾದ ನಮ್ಮ ಕ್ಷೇತ್ರದ ಎಲ್ಲ ವಿದ್ಯಾರ್ಥಿಗಳಿಗೂ ಪಾಠ. ಅವುಗಳಲ್ಲಿ ಬಹಳಷ್ಟು ಖೊಟ್ಟಿ ಎಂದರು ಫ್ಲೀಟ್. ರೈಸ್ ಅವುಗಳ ಪರ ನಿಂತರು. 1901ರ ‘ಇಂಡಿಯನ್ ಆ್ಯಂಟಿಕ್ವೆರಿ’ ಸಂಪುಟದಲ್ಲಿ ಫ್ಲೀಟ್ ಭಾರತದ ಕೂಟಶಾಸನಗಳ ಪಟ್ಟಿಯನ್ನೇ ಅಚ್ಚು ಮಾಡಿಸಿದರು. ಮಡಿಕೇರಿಯ ತಾಮ್ರಪಟವನ್ನೇ ನೋಡಿ. ಅದರಲ್ಲಿ 388ನೆಯ ವರ್ಷ ಎಂದಿದೆ. ಶಕವರ್ಷವೆಂದು ಓದಿದರೆ ಕ್ರಿ.ಶ. 466. ಆದರೆ ಅದರ ಅಕ್ಷರಗಳು ಅದಕ್ಕಿಂತ ಬಹಳ ಈಚಿನವು ಎಂದು ವಿದ್ವಾಂಸರು ಗುರುತಿಸಿದರು. ಬಾಯಿ ಹೇಳಿದ ಕಾಲ ಒಂದು, ಕೈಬರಹ ಹೇಳಿದ ಕಾಲ ಇನ್ನೊಂದು.

ಈ ಪರೀಕ್ಷೆಗೆ ಒಂದು ಕ್ರಮವಿದೆ. ಲಿಪಿ ಕಾಲಕ್ಕೆ ಹೊಂದುತ್ತದೆಯೇ? ತಿಥಿಗೆ ವಾರ ಕೂಡುತ್ತದೆಯೇ? ಇದಕ್ಕೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ 1922ರ ಪಂಚಾಂಗ ಕೋಷ್ಟಕಗಳನ್ನು ಇವತ್ತಿಗೂ ತಿರುವಿಹಾಕುತ್ತೇವೆ. ವಂಶಾವಳಿ ಬೇರೆ ಶಾಸನಗಳೊಡನೆ ತಾಳೆಯಾಗುತ್ತದೆಯೇ? ಮುದ್ರೆ ಆ ಮನೆತನದ್ದೇ? ಎಲ್ಲಕ್ಕಿಂತ ಮುಖ್ಯವಾದದ್ದು, ಶಾಸನ ತನ್ನ ಬಗ್ಗೆ ತಾನು ಹೇಳುವ ಮಾತನ್ನು ಅದರ ಕೈಗೆ ಎಟುಕದ ಇನ್ನೊಂದು ದಾಖಲೆಯ ಪಕ್ಕ ಇಟ್ಟು ನೋಡುವುದು. ದೀಪವನ್ನೂ ಇದೇ ಕ್ರಮದಲ್ಲಿ ಓದಲು ಕುಳಿತೆ.

ಮೊದಲು ಸಿಕ್ಕ ದಾಖಲೆ ಬಿಲ್ಲು. ಅಂಗಡಿಯಲ್ಲಿ ನಾಲ್ಕು ಸಲ ಕೇಳಿಬಂದ ‘ಸ್ಯಾಮ್‌ಸಂಗ್’ ಎಂಬ ಹೆಸರು ಬಿಲ್ಲಿನಲ್ಲಿ ಒಂದು ಸಲವೂ ಇರಲಿಲ್ಲ. ‘ಎಲ್‌ಇಡಿ ಲೈಟ್’ ಎಂದಷ್ಟೇ ಬರೆದು, ಎದುರಿಗೆ 9405 ಎಂಬ ಎಚ್‌ಎಸ್‌ಎನ್ ಸಂಖ್ಯೆ ಹಾಕಿದ್ದರು. ಈ ಸಂಖ್ಯೆಗಳು ತೆರಿಗೆಯವರ ಭಾಷೆ. ಬಿಡಿ ಎಲ್‌ಇಡಿ ಡಯೋಡು 8541ರಲ್ಲಿ ಬರುತ್ತದೆ, ಎಲ್‌ಇಡಿ ಬಲ್ಬು ಮತ್ತು ಮಾಡ್ಯೂಲುಗಳು 8539ರಲ್ಲಿ, ಪೂರ್ತಿ ದೀಪ 9405ರಲ್ಲಿ. ಬಂದರಿನಲ್ಲಿ ಇಳಿದದ್ದು ದೀಪವೋ ಡಯೋಡೋ ಎಂದು ತೆರಿಗೆಯವರಿಗೆ ಇದರಿಂದ ತಿಳಿಯುತ್ತದೆ. ಡಯೋಡು ಯಾರ ಮನೆಯದೆಂದು ಯಾರಿಗೂ ತಿಳಿಯುವುದಿಲ್ಲ. ಕೊಟ್ಟ ಮಾತು ಕಾಗದಕ್ಕೆ ಇಳಿಯದೆ ಜಾರಿಕೊಂಡದ್ದನ್ನು ನನ್ನ ಟಿಪ್ಪಣಿಯಲ್ಲಿ ಮೊದಲ ಅಂಶವಾಗಿ ಬರೆದುಕೊಂಡೆ.

ಎರಡನೆಯದು ಡಬ್ಬಿ. ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ಏನೇನು ಬರೆದಿರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ: ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಿಂಗಳು ವರ್ಷ, ಗರಿಷ್ಠ ಬೆಲೆ, ದೂರಿಗೆ ಸಂಪರ್ಕ. ಹೊರದೇಶದ ಸರಕಾದರೆ ಮೂಲ ದೇಶದ ಹೆಸರೂ ಬೇಕು. ಈ ಡಬ್ಬಿಯ ಮೇಲೆ ಚಿಪ್ಪಿನ ಹೆಸರು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. ದೀಪ ಮಾಡಿದವರ ವಿಳಾಸಕ್ಕೆ ಜಾಗವೇ ಇರಲಿಲ್ಲ. ಒಂದು ದಾನಶಾಸನದಲ್ಲಿ ಚಕ್ರವರ್ತಿಯ ಬಿರುದುಗಳೆಲ್ಲ ಇದ್ದು, ದಾನ ಕೊಟ್ಟವನ ಹೆಸರೇ ಇಲ್ಲದಿದ್ದರೆ ಓದುವವರು ಅಲ್ಲಿಯೇ ನಿಲ್ಲುತ್ತಾರೆ. ನಾನೂ ನಿಂತೆ.

ಡ್ರೈವರಿನ ಮೇಲೆ ಬಿಐಎಸ್ ಗುರುತು ಇತ್ತು, ಕೆಳಗೆ ‘ಆರ್’ ಅಕ್ಷರ, ಮುಂದೆ ಎಂಟು ಅಂಕಿ. ಇದು ನಮ್ಮ ದೇಶದ ಒಳ್ಳೆಯ ದಾಖಲೆಗಳಲ್ಲಿ ಒಂದು. ಎಲೆಕ್ಟ್ರಾನಿಕ್ ಸರಕಿನ ಕಡ್ಡಾಯ ನೋಂದಣಿಗೆ 2012ರಲ್ಲಿ ಆದೇಶವಾಯಿತು. ಮುಂದೆ ಎಲ್‌ಇಡಿ ಬಲ್ಬು, ಎಲ್‌ಇಡಿ ಡ್ರೈವರ್‌ಗಳೂ ಆ ಪಟ್ಟಿಗೆ ಸೇರಿದವು. ನೋಂದಣಿ ಸಂಖ್ಯೆ ಅಂಟಿಕೊಂಡಿರುವುದು ಒಂದು ಕಾರ್ಖಾನೆಯ ಒಂದು ವಿಳಾಸಕ್ಕೆ, ಒಂದು ಬಗೆಯ ಸರಕಿಗೆ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಅಂಕಿ ಹಾಕಿದರೆ ಯಾರದು, ಎಲ್ಲಿಯದು, ಯಾವ ಸರಕಿನದು ಎಂದು ಯಾರು ಬೇಕಾದರೂ ನೋಡಬಹುದು. ಕಾಸು ಬೇಡ, ಅರ್ಜಿ ಬೇಡ. ಹುಡುಗ ನನ್ನೆದುರೇ ಅಂಕಿ ಒತ್ತಿದ. ತೆರೆದುಕೊಂಡದ್ದು ಮನೆಬಳಕೆಯ ಬಲ್ಬಿನ ನೋಂದಣಿ, ಬೇರೊಬ್ಬರ ಹೆಸರಿನಲ್ಲಿ. ಡ್ರೈವರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಬೇರೆ ಮನೆತನದ ಮುದ್ರೆಯನ್ನು ತಂದು ಈ ಶಾಸನಕ್ಕೆ ಒತ್ತಿದ್ದರು.

ಅವನು ಆಗಲೇ ಎದ್ದು ನಿಂತ. ನಾನು ಕೂರಿಸಿದೆ. ಡ್ರೈವರಿನ ಮುದ್ರೆ ಸುಳ್ಳಾದರೆ ಚಿಪ್ಪಿನ ಹೆಸರೂ ಸುಳ್ಳೇ ಆಗಬೇಕೆಂದಿಲ್ಲ. ನಿಜವಾದ ದಾನಕ್ಕೂ ಮುಂದಿನವರು ಸುಳ್ಳು ಸಾಲು ಸೇರಿಸಿದ ಉದಾಹರಣೆಗಳುಂಟು. ಬಿಐಎಸ್ ನೋಂದಣಿ ಇರುವುದು ಬಲ್ಬಿಗೆ, ಡ್ರೈವರಿಗೆ. ಒಳಗಿನ ಚುಕ್ಕೆ ಯಾರದೆಂಬ ಪ್ರಶ್ನೆಗೆ ಆ ದಾಖಲೆ ಉತ್ತರ ಹೇಳುವುದಿಲ್ಲ. ಚುಕ್ಕೆಯನ್ನೇ ಕೇಳಬೇಕಿತ್ತು.

ಇಲ್ಲಿ ಚುಕ್ಕೆಯ ಕಥೆಯನ್ನು ಸ್ವಲ್ಪ ಹೇಳಬೇಕು. ನೀಲಮಣಿಯ ತೆಳು ಬಿಲ್ಲೆಯ ಮೇಲೆ ಗ್ಯಾಲಿಯಂ ನೈಟ್ರೈಡ್ ಎಂಬ ಹರಳನ್ನು ಪದರ ಪದರವಾಗಿ ಬೆಳೆಸುತ್ತಾರೆ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ಹೊರತಂದದ್ದು ಇದೇ ಹರಳಿನಿಂದ. ಅವರಿಗೂ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಅವರಿಗೂ 2014ರಲ್ಲಿ ನೊಬೆಲ್ ಬಂತು. ಬಿಲ್ಲೆಯನ್ನು ಸಾಸಿವೆಗಿಂತ ಚಿಕ್ಕ ಚೂರುಗಳಾಗಿ ಕತ್ತರಿಸುವುದು ಎರಡನೆಯ ಹಂತ. ಚೂರನ್ನು ಬಿಳಿ ಗೂಡಿನಲ್ಲಿಟ್ಟು ಮೇಲೆ ಹಳದಿ ರಂಜಕ ಸುರಿದು ಮುಚ್ಚುವುದು ಮೂರನೆಯದು. ಅಂಗಡಿಯವರು ಚಿಪ್ ಎನ್ನುವುದು ಈ ಗೂಡಿಗೆ. ಗೂಡುಗಳನ್ನು ಬಣ್ಣ, ಪ್ರಖರತೆ, ವೋಲ್ಟೇಜ್ ನೋಡಿ ವಿಂಗಡಿಸಿ ಸಾವಿರಗಟ್ಟಲೆ ಒಂದೊಂದು ಸುರುಳಿಗೆ ಸುತ್ತುತ್ತಾರೆ. ಆಮೇಲೆ ಅದನ್ನು ಅಲ್ಯೂಮಿನಿಯಂ ಬೋರ್ಡಿಗೆ ಬೆಸೆಯುವುದು, ಕೊನೆಗೆ ಡ್ರೈವರ್ ಕೂಡಿಸಿ ದೀಪ ಮಾಡುವುದು. ಒಂದೊಂದು ಹಂತವೂ ಒಂದೊಂದು ದೇಶದಲ್ಲಿ ನಡೆಯಬಹುದು.

ನನ್ನ ಹುಡುಕಾಟಕ್ಕೆ ಇದರಲ್ಲಿ ಬೆಲೆಬಾಳುವ ಸಂಗತಿ ಒಂದು. ಇಂಥ ಗೂಡುಗಳು ಎಷ್ಟು ಚಿಕ್ಕವೆಂದರೆ ಅವುಗಳ ಮೈಮೇಲೆ ಸಾಮಾನ್ಯವಾಗಿ ತಯಾರಕರ ಹೆಸರೇ ಇರುವುದಿಲ್ಲ. ಹೆಸರು, ಮಾದರಿ, ವಿಂಗಡಣೆಯ ಸಂಕೇತ, ಲಾಟ್ ಸಂಖ್ಯೆ ಎಲ್ಲ ಇರುವುದು ಸುರುಳಿಗೆ ಅಂಟಿಸಿದ ಚೀಟಿಯಲ್ಲಿ. ಬೋರ್ಡಿಗೆ ಬೆಸೆದು ಮುಗಿದ ಮೇಲೆ ಖಾಲಿ ಸುರುಳಿ ಕಸಕ್ಕೆ ಹೋಗುತ್ತದೆ. ಆ ಕ್ಷಣಕ್ಕೆ ಚುಕ್ಕೆಯ ವಂಶಾವಳಿ ಕಡಿದುಹೋಗುತ್ತದೆ. ಆಮೇಲೆ ಬೋರ್ಡಿನ ಮೇಲೆ, ಡಬ್ಬಿಯ ಮೇಲೆ ಬರುವ ಹೆಸರು ಬೋರ್ಡು ಮಾಡಿದವರು, ಡಬ್ಬಿ ಅಚ್ಚು ಹಾಕಿಸಿದವರು ಹೇಳುವ ಮಾತು. ಚಿಪ್ಪು ಮಾಡಿದವರು ಅಲ್ಲಿ ಸಹಿ ಹಾಕಿರುವುದಿಲ್ಲ.

ಹೆಸರಿಲ್ಲದಿದ್ದರೂ ಮೈಯಿದೆಯಲ್ಲ. ಎಲ್‌ಎಂ301ಬಿಯ ಮಾಹಿತಿಪತ್ರ ಬಹಿರಂಗ ದಾಖಲೆ. 2017ರಲ್ಲಿ ಸ್ಯಾಮ್‌ಸಂಗ್ ಅದನ್ನು ಬಿಡುಗಡೆ ಮಾಡಿದಾಗ, 65 ಮಿಲಿಆಂಪಿಯರ್ ಹರಿಸಿದರೆ ವ್ಯಾಟಿಗೆ 220 ಲ್ಯೂಮೆನ್ ಕೊಡುತ್ತದೆ ಎಂದು ಸಾರಿತು. ಆ ಅಂಕಿಗಾಗಿಯೇ ಬೆಳೆದೀಪ ಮಾಡುವವರೆಲ್ಲ ಅದರ ಹಿಂದೆ ಬಿದ್ದರು, ಅದರ ಹೆಸರಿಗೇ ಒಂದು ಬೆಲೆ ಬಂತು. ಮಾಹಿತಿಪತ್ರದಲ್ಲಿ ಗೂಡಿನ ಅಳತೆಯೂ ಇದೆ: 3.0 ಮಿಲಿಮೀಟರ್ ಉದ್ದ, 3.0 ಮಿಲಿಮೀಟರ್ ಅಗಲ. ಸರಿಯಾದ ಚೌಕ.

ನನ್ನ ಭೂತಗನ್ನಡಿಯಲ್ಲಿ ಚುಕ್ಕೆ ಚೌಕವೆನಿಸಲಿಲ್ಲ. ಆದರೆ ಕಣ್ಣಂದಾಜು ಸಾಕ್ಷಿಯಾಗದು. ಅಳತೆಗೆ ಹರಿಹರಕ್ಕೆ ಹೊರಟೆವು, ಹದಿನಾಲ್ಕು ಕಿಲೋಮೀಟರ್ ದೂರ. ಅಳತೆಯ ವಿಷಯದಲ್ಲಿ ಈ ಜಿಲ್ಲೆಗೆ ಹರಿಹರವೇ ಹಿರಿಯಣ್ಣ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅದರ ಲೇತ್‌ಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಕಾರ್ಖಾನೆಯ ಸುತ್ತ ಯಂತ್ರಾಪುರ ಎಂಬ ಊರೇ ಬೆಳೆಯಿತು. ಶತಮಾನ ಹೊರಳುವ ಹೊತ್ತಿಗೆ ಕಾರ್ಖಾನೆ ನಿಂತಿತಾದರೂ, ಅಲ್ಲಿ ಕೈ ಪಳಗಿಸಿಕೊಂಡವರ ವರ್ಕ್‌ಶಾಪುಗಳು ಊರಲ್ಲಿ ಇನ್ನೂ ಇವೆ. ಅಂಥದೊಂದರಲ್ಲಿ ವಯಸ್ಸಾದ ಟರ್ನರ್ ಒಬ್ಬರು ನಮಗೆ ಪರಿಚಯದವರು.

ನಾನು ಡಬ್ಬಿಯ ಮಾತು ಹೇಳಿದೆ. ಅವರು ಡಬ್ಬಿಯನ್ನು ನೋಡಲೇ ಇಲ್ಲ. ಪಟ್ಟಿಯನ್ನು ಬಟ್ಟೆಯಿಂದ ಒರೆಸಿ, ಚುಕ್ಕೆಯ ಮೇಲೆ ವರ್ನಿಯರ್ ಇಟ್ಟು ಬೆಳಕಿಗೆ ಹಿಡಿದರು. ಒಂದು ಬದಿ 2.8, ಇನ್ನೊಂದು ಬದಿ 3.5. ಬೇರೆ ಬೇರೆ ಕಡೆಯ ಹತ್ತು ಚುಕ್ಕೆ ಅಳೆದರು. ಎಲ್ಲವೂ ಅಷ್ಟೇ.

“ನೀವು ಹೇಳಿದ್ದು ಮೂರಕ್ಕೆ ಮೂರು, ಅಲ್ಲೇನ್ರಿ? ಇದು ಆ ಪೀಸೇ ಅಲ್ಲ” ಎಂದರು. ಪಕ್ಕದಲ್ಲಿ ನಿಂತಿದ್ದ ಹಳೆಯ ಲೇತಿನ ಹಣೆಯ ಮೇಲಿನ ಹಿತ್ತಾಳೆ ಫಲಕ ತಟ್ಟಿ ತೋರಿಸಿದರು. “ಈ ಪ್ಲೇಟು ನಾಕು ರಿವೆಟ್ ಮೇಲೆ ನಿಂತಿರ್ತೈತ್ರಿ. ಕಿತ್ತು ಇನ್ನೊಂದು ಮಿಷನ್ನಿಗೆ ಹೊಡಿಬೋದು. ಹಳೆ ಲೇತ್ ತಗಳ್ಳೋರು ಪ್ಲೇಟ್ ನೋಡಂಗಿಲ್ಲ, ಬೆಡ್ಡು ಸವೆದೈತೇನು ನೋಡ್ತಾರ, ಸ್ಪಿಂಡಲ್ಲಿಗೆ ಡಯಲ್ ಹಚ್ಚಿ ತಿರುಗಿಸ್ತಾರ. ಅಳತಿ ಮುಂದ ಹೆಸರು ನಿಲ್ಲಂಗಿಲ್ಲ.”

ಫ್ಲೀಟ್ ಮತ್ತು ರೈಸ್ ನೂರಾರು ಪುಟಗಳಲ್ಲಿ ವಾದಿಸಿದ ವಿಷಯ ಈ ಟರ್ನರ್ ಬಾಯಲ್ಲಿ ನಾಲ್ಕು ಮಾತಾಗಿತ್ತು. ಲೇತಿನ ಕೊಳ್ಳುಗರು ಫಲಕವನ್ನು ಹೇಳಿಕೆಯಾಗಿ ತಗೊಂಡು, ಬೆಡ್ಡನ್ನು ಸಾಕ್ಷಿಯಾಗಿ ಕೇಳುತ್ತಾರೆ. ಬೆಳೆದೀಪ ಕೊಳ್ಳುವ ರೈತನಿಗೂ ನರ್ಸರಿಯವನಿಗೂ ಇನ್ನೂ ಆ ಅಭ್ಯಾಸ ಬಂದಿಲ್ಲ, ಏಕೆಂದರೆ ಬೆಡ್ಡು ಎಲ್ಲಿದೆಯೆಂದು ಯಾರೂ ಅವರಿಗೆ ತೋರಿಸಿಲ್ಲ.

ವಾಪಸು ಬರುವಾಗ ನನಗೆ ಇನ್ನೊಂದು ಅನುಮಾನ ಕಾಡಿತು. 2.8ಕ್ಕೆ 3.5 ಅಳತೆಯ ಗೂಡನ್ನು ವ್ಯಾಪಾರದಲ್ಲಿ 2835 ಎನ್ನುತ್ತಾರೆ, ಜಗತ್ತಿನಲ್ಲಿ ಹತ್ತಾರು ಕಂಪನಿಗಳು ಅದನ್ನು ಮಾಡುತ್ತವೆ. ಎಲ್‌ಎಂ281ಬಿ ಎಂಬ ಹೆಸರಿನಲ್ಲಿ ಸ್ಯಾಮ್‌ಸಂಗ್ ಕೂಡ ಮಾಡಿದೆ. ಹಾಗಾದರೆ ಚಿಪ್ಪು ಸ್ಯಾಮ್‌ಸಂಗ್ ಅಲ್ಲವೆಂದು ನಾನು ಹೇಳುವಂತಿಲ್ಲ. ಎಲ್‌ಎಂ301ಬಿ ಅಲ್ಲವೆಂದು ಮಾತ್ರ ಹೇಳಬಹುದು. ಡಬ್ಬಿಯ ಸಾಲು ಅಷ್ಟಕ್ಕೇ ಸುಳ್ಳಾಗುತ್ತದೆ, ಉಳಿದದ್ದು ತೆರೆದ ಪ್ರಶ್ನೆಯಾಗಿಯೇ ಉಳಿಯುತ್ತದೆ. ಸಾಕ್ಷಿ ಎಷ್ಟು ದೂರ ಕರೆದೊಯ್ಯುತ್ತದೋ ಅಷ್ಟೇ ದೂರ ಹೋಗಬೇಕು. ಕೂಟಶಾಸನ ಹಿಡಿಯುವ ಉತ್ಸಾಹದಲ್ಲಿ ನಿಜವಾದ ಶಾಸನವನ್ನೂ ತಿಪ್ಪೆಗೆಸೆಯುವುದು ನಮ್ಮ ವೃತ್ತಿಯ ಇನ್ನೊಂದು ಪಾಪ.

ಮಾರಿದವರನ್ನು ಹುಡುಗ ಫೋನಿನಲ್ಲಿ ಕೇಳಿದ. ಸಂಜೆಯೊಳಗೆ ವಾಟ್ಸ್‌ಆ್ಯಪಿಗೆ ಒಂದು ಪ್ರಯೋಗಾಲಯದ ವರದಿ ಬಂತು. ಎಲ್‌ಎಂ-80 ಎಂಬ ಕ್ರಮದ ಪರೀಕ್ಷೆ: ಚಿಪ್ಪುಗಳನ್ನು ನಿಗದಿತ ಶಾಖದಲ್ಲಿ ಕನಿಷ್ಠ 6,000 ಗಂಟೆ ಉರಿಸಿ, ಬೆಳಕು ಎಷ್ಟು ಇಳಿಯಿತೆಂದು ಆಗಾಗ ಅಳೆಯುವುದು. ಅದರಿಂದ ಮುಂದಿನ ಆಯಸ್ಸನ್ನು ಟಿಎಂ-21 ಎಂಬ ಸೂತ್ರದಲ್ಲಿ ಅಂದಾಜಿಸುತ್ತಾರೆ, ಅದೂ ಪರೀಕ್ಷೆ ನಡೆದ ಕಾಲದ ಆರು ಪಟ್ಟಿಗಿಂತ ಹೆಚ್ಚು ಹೇಳುವಂತಿಲ್ಲ. ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ತಪ್ಪು ಹುಡುಕಲು ನನಗೆ ಕಾರಣ ಸಿಗಲಿಲ್ಲ. ಆದರೆ ಅದು ಎಲ್‌ಎಂ301ಬಿಯ ವರದಿ. ನಮ್ಮ ಪಟ್ಟಿಯಲ್ಲಿರುವ ಆಯತಾಕಾರದ ಚುಕ್ಕೆಗೂ ಅದಕ್ಕೂ ನಂಟಿಲ್ಲ.

ಕೂಟಶಾಸನ ಬರೆಯುವವರು ಎಲ್ಲವನ್ನೂ ಕಟ್ಟುಕಥೆ ಮಾಡುವುದಿಲ್ಲ. ನಿಜವಾದ ಶಾಸನದ ಪ್ರಶಸ್ತಿಭಾಗವನ್ನು, ವಂಶಾವಳಿಯನ್ನು ಹಾಗೆಯೇ ಎತ್ತಿ ಬರೆದು, ತಮಗೆ ಬೇಕಾದ ಹಳ್ಳಿಯ ಹೆಸರನ್ನು ಮಾತ್ರ ಕೊನೆಗೆ ಸೇರಿಸುತ್ತಾರೆ. ಓದುಗ ಮೊದಲ ಹತ್ತು ಸಾಲಿನ ಸತ್ಯಕ್ಕೆ ಮಾರುಹೋಗಿ ಹನ್ನೊಂದನೆಯದನ್ನೂ ನಂಬುತ್ತಾನೆ. ಈ ವರದಿ ಮಾಡಿದ ಕೆಲಸವೂ ಅದೇ. ನಿಜವಾದ ಕಾಗದವೊಂದು ಪರರ ವಸ್ತುವಿಗೆ ಜಾಮೀನು ನಿಂತಿತ್ತು.

ಡಬ್ಬಿಯ ಮೇಲೆ ಇನ್ನೊಂದು ಅಂಕಿ ಇತ್ತು, 40 ವ್ಯಾಟ್. ಕರೆಂಟ್ ಅಳೆಯುವ ಪ್ಲಗ್ ಮೀಟರ್ ಹಾಕಿದರೆ ತೋರಿಸಿದ್ದು 27. ಜೊತೆಗೆ ಜೂಲಿಗೆ 3.1 ಮೈಕ್ರೊಮೋಲ್ ಎಂಬ ಸಾಲು. ಬೆಳೆದೀಪದ ಮಾತಿನಲ್ಲಿ ಇದೇ ತಿರುಳು, ಆದ್ದರಿಂದ ಇಲ್ಲಿ ಕೊಂಚ ನಿಲ್ಲುತ್ತೇನೆ. ಲ್ಯೂಮೆನ್, ಲಕ್ಸ್ ಇವೆಲ್ಲ ಮನುಷ್ಯನ ಕಣ್ಣಿನ ಅಳತೆಗಳು. ಕಣ್ಣಿಗೆ ಹಸಿರು ಹೆಚ್ಚು, ಕೆಂಪು ನೀಲಿ ಕಡಿಮೆ. ಎಲೆಯ ಲೆಕ್ಕ ಬೇರೆ. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಎಷ್ಟು ಬಂದು ಬಿದ್ದವು ಎಂಬುದನ್ನು ಅದು ಎಣಿಸುತ್ತದೆ. ಒಂದು ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೊಮೋಲ್ ಕಣಗಳು ಹೊರಟವು ಎಂಬುದೇ ಬೆಳೆದೀಪದ ನಿಜವಾದ ತೂಕ. ಇದಕ್ಕೆ ಪ್ರಕೃತಿಯೇ ಹಾಕಿದ ಮೇರೆಯಿದೆ. 450 ನ್ಯಾನೋಮೀಟರಿನ ನೀಲಿ ಬೆಳಕಿನಲ್ಲಿ ಒಂದು ಜೂಲಿಗೆ ಹಿಡಿಸುವುದು ಸುಮಾರು 3.76 ಮೈಕ್ರೊಮೋಲ್ ಕಣ. ರಂಜಕ ಒಂದು ನೀಲಿ ಕಣವನ್ನು ನುಂಗಿ ಹಳದಿಯದೋ ಕೆಂಪಿನದೋ ಒಂದೇ ಕಣವನ್ನು ಉಗುಳುತ್ತದೆ, ಎರಡನ್ನಲ್ಲ. ಹಾಗಾಗಿ ನೀಲಿ ಚಿಪ್ಪಿನಿಂದ ಹುಟ್ಟುವ ಬಿಳಿ ದೀಪ, ಒಂದಿಷ್ಟೂ ನಷ್ಟವಿಲ್ಲದಿದ್ದರೂ, ಈ ಮೇರೆಯನ್ನು ದಾಟಲಾರದು.

3.1 ಎಂಬುದು ಈ ಮೇರೆಯೊಳಗೇ ಇದೆ. ಆದರೆ ಅದು ತಂಪಾದ ಕೋಣೆಯಲ್ಲಿ, ಅಲ್ಪ ಕರೆಂಟಿನಲ್ಲಿ, ಒಂಟಿ ಚಿಪ್ಪು ತಲುಪುವ ಎತ್ತರ. ಅದೇ ಚಿಪ್ಪು ಬಿಸಿ ಪಟ್ಟಿಯ ಮೇಲೆ ಕುಳಿತಾಗ ಒಂದಿಷ್ಟು ಇಳಿಯುತ್ತದೆ, ಡ್ರೈವರಿನಲ್ಲಿ ಒಂದಿಷ್ಟು, ಮೇಲಿನ ಮುಚ್ಚಳದಲ್ಲಿ ಇನ್ನೊಂದಿಷ್ಟು ಹೋಗುತ್ತದೆ. ಅಮೆರಿಕದ ಡಿಸೈನ್‌ಲೈಟ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆ ಪರೀಕ್ಷಿಸಿದ ಬೆಳೆದೀಪಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. 2023ರ ನಿಯಮದಂತೆ ಆ ಪಟ್ಟಿಗೆ ಸೇರಲು ಪೂರ್ತಿ ದೀಪ ಕನಿಷ್ಠ 2.3 ಕೊಡಬೇಕಿತ್ತು. ಚಿಪ್ಪಿನ ಅಂಕಿಗೂ ದೀಪದ ಅಂಕಿಗೂ ನಡುವೆ ಎಷ್ಟು ಅಂತರವಿರುತ್ತದೆ ಎಂದು ಇದರಿಂದಲೇ ತಿಳಿಯಬಹುದು. ನಮ್ಮ ಡಬ್ಬಿಯವರು ಒಂಟಿ ಚಿಪ್ಪಿನ ಅಂಕಿಯನ್ನು ಇಡೀ ದೀಪಕ್ಕೆ ತೊಡಿಸಿದ್ದರು, ಅದೂ ಒಳಗಿಲ್ಲದ ಚಿಪ್ಪಿನ ಅಂಕಿಯನ್ನು.

ಇಷ್ಟರಲ್ಲಿ ಹುಡುಗ ಕೇಳಿದ ಪ್ರಶ್ನೆ ನನ್ನನ್ನು ಹಳೆಯ ಕಾನೂನು ಪುಸ್ತಕಗಳ ಕಡೆಗೆ ಒಯ್ದಿತು. “ಇದು ಚೀನಾದ್ದೋ ಕೊರಿಯಾದ್ದೋ ಇಲ್ಲಿಯದೋ? ಅದನ್ನಾದರೂ ಹೇಳ್ರಿ.”

ವಸ್ತುವಿನ ಮೇಲೆ ಊರಿನ ಹೆಸರು ಬರೆಯಬೇಕೆಂಬ ಹಟ ಹುಟ್ಟಿದ್ದೇ ಅನುಮಾನದಿಂದ. ಜರ್ಮನಿಯ ಚಾಕು ಕತ್ತರಿಗಳು ಶೆಫೀಲ್ಡಿನ ಹೆಸರು ಹೊತ್ತು ಬರುತ್ತವೆಂಬ ದೂರು ಹೆಚ್ಚಿದಾಗ ಬ್ರಿಟನ್ 1887ರಲ್ಲಿ ಸರಕುಮುದ್ರೆಯ ಕಾಯಿದೆ ಮಾಡಿತು. ‘ಮೇಡ್ ಇನ್ ಜರ್ಮನಿ’ ಎಂಬ ಸಾಲು ಹುಟ್ಟಿದ್ದು ಕೊಳ್ಳುವವರನ್ನು ಎಚ್ಚರಿಸಲು. ಹತ್ತು ವರ್ಷದೊಳಗೆ, 1896ರಲ್ಲಿ, ಅರ್ನೆಸ್ಟ್ ವಿಲಿಯಮ್ಸ್ ಅದೇ ಹೆಸರಿನ ಪುಸ್ತಕ ಬರೆದು ಜರ್ಮನ್ ಸರಕು ಬ್ರಿಟನ್ನಿನ ಮನೆಮನೆಯನ್ನೂ ಹೊಕ್ಕಿದೆಯೆಂದು ತೋರಿಸಿದ. ನಾಚಿಕೆಗೆಂದು ಒತ್ತಿಸಿದ ಮುದ್ರೆ ಒಳ್ಳೆಯ ಕೆಲಸದಿಂದ ಹೆಮ್ಮೆಯ ಮುದ್ರೆಯಾಯಿತು. ಬ್ರಿಟಿಷ್ ಇಂಡಿಯಾದಲ್ಲಿಯೂ 1889ರಲ್ಲಿ ಇಂಥದೇ ಕಾಯಿದೆ ಬಂತು. ಥಾನಿನ ಬಟ್ಟೆಯ ಮೇಲೆ ಎಷ್ಟು ಗಜವೆಂದು ಅಚ್ಚೊತ್ತಬೇಕೆಂದು ಅದು ಹೇಳಿತು. ದಾವಣಗೆರೆ ಹತ್ತಿಗಿರಣಿಗಳ ಊರಾಗಿದ್ದ ಕಾಲವನ್ನು ಕಂಡವರಿಗೆ ಬಟ್ಟೆಯ ಸೆರಗಿನ ಗಿರಣಿ ಅಚ್ಚು ನೆನಪಿರುತ್ತದೆ. ಹಿರಿಯರು ಆ ಅಚ್ಚು ನೋಡುತ್ತಿದ್ದರು, ಆದರೆ ಬಟ್ಟೆಯನ್ನು ಬೆರಳ ನಡುವೆ ಉಜ್ಜಿಯೇ ಕೊಳ್ಳುತ್ತಿದ್ದರು.

ಆ ಕಾಲದ ಬಟ್ಟೆಗೆ ಒಂದು ಗಿರಣಿಯಿತ್ತು. ಈ ಪಟ್ಟಿಗೆ ಐದಾರು ತವರುಗಳಿವೆ. ಸರ್ಕಾರಿ ಖರೀದಿಗೆ ಸಂಬಂಧಿಸಿದ ಮೇಕ್ ಇನ್ ಇಂಡಿಯಾ ಆದೇಶ ಕೂಡ ಒಂದು ವಸ್ತುವನ್ನು ಇಲ್ಲಿಯದು, ಅಲ್ಲಿಯದು ಎಂದು ಎರಡೇ ತುಂಡು ಮಾಡುವುದಿಲ್ಲ. ದೇಶೀಯ ಪಾಲು ಶೇ 50 ಇದ್ದರೆ ಮೊದಲ ವರ್ಗ, ಶೇ 20 ದಾಟಿದರೆ ಎರಡನೆಯ ವರ್ಗ ಎಂದು ಪಾಲು ಲೆಕ್ಕ ಹಾಕುತ್ತದೆ. ಬೇರೆ ದೇಶದ ಚಿಪ್ಪು ತಂದು ಇಲ್ಲಿ ಬೋರ್ಡಿಗೆ ಬೆಸೆದು, ಇಲ್ಲಿಯ ಡ್ರೈವರ್ ಕೂಡಿಸಿದ ದೀಪ ಇಲ್ಲಿಯದೂ ಹೌದು, ಅಲ್ಲಿಯದೂ ಹೌದು. ಹುಡುಗನ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಹಂತಹಂತವಾಗಿ ಹೇಳುವ ಉತ್ತರವೊಂದೇ ಪ್ರಾಮಾಣಿಕ ಉತ್ತರ. ಅದನ್ನು ಹೇಳಬಲ್ಲವರು ಸುರುಳಿಯ ಚೀಟಿಯನ್ನು ಎತ್ತಿಟ್ಟುಕೊಂಡ ತಯಾರಕರು ಮಾತ್ರ.

ಈ ಚೀಟಿಗಳ ಬೆಲೆ ಇನ್ನು ಮುಂದೆ ಹೆಚ್ಚಲಿದೆ. ಸ್ಯಾಮ್‌ಸಂಗ್ ಎಲ್‌ಇಡಿ ವ್ಯವಹಾರದಿಂದ ಹಿಂದೆ ಸರಿಯುತ್ತಿದೆ ಎಂದು 2024ರ ಅಕ್ಟೋಬರ್‌ನಲ್ಲಿ ವರದಿಗಳು ಬಂದವು. ತೈವಾನಿನ ಎಪಿಸ್ಟಾರ್ 2021ರಲ್ಲಿ ಎನ್ನೋಸ್ಟಾರ್ ಎಂಬ ಹೊಸ ಮನೆಗೆ ಸೇರಿತು, ಕ್ರೀ ಎಲ್‌ಇಡಿ ಅದೇ ವರ್ಷ ಬೇರೆಯವರ ಕೈಗೆ ಹೋಯಿತು. ರಾಜವಂಶ ಅಳಿದ ಮೇಲೆ ಅದರ ಹೆಸರಿನ ಕೂಟಶಾಸನಗಳು ಹೆಚ್ಚುವುದನ್ನು ಚರಿತ್ರೆ ಕಂಡಿದೆ; ಇಲ್ಲವೆನ್ನಲು ಆ ಮನೆಯಲ್ಲಿ ಯಾರೂ ಇರುವುದಿಲ್ಲ.

ಒಂದು ಭಾನುವಾರ ಇಬ್ಬರೂ ಮತ್ತೆ ಹರಿಹರಕ್ಕೆ ಹೋದೆವು, ಈ ಸಲ ಹರಿಹರೇಶ್ವರನ ಗುಡಿಗೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ್ದು. ಇಲ್ಲಿಯ ಶಾಸನಗಳನ್ನು ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ ಸೇರಿಸಿದ್ದಾರೆ. ಕಟ್ಟಿಸಿದವನು ಯಾರು, ಯಾವ ಅರಸನ ಕಾಲ, ಯಾವ ವರ್ಷ, ಎಲ್ಲ ಕಲ್ಲಿನಲ್ಲಿದೆ. ಗರ್ಭಗುಡಿಯ ಮೂರ್ತಿಯನ್ನು ಎಷ್ಟೋ ಸಲ ನೋಡಿದ್ದೆ, ಅವತ್ತು ಬೇರೆ ಕಣ್ಣಿನಿಂದ ನೋಡಿದೆ. ಬಲಭಾಗ ಹರ, ಎಡಭಾಗ ಹರಿ. ಒಂದೇ ಮೈ, ಎರಡು ಮೂಲ, ನಡುವಿನ ಗೆರೆಯನ್ನು ಶಿಲ್ಪಿ ಮರೆಸಿಲ್ಲ. ಯಾವ ಪಾಲು ಯಾರದೆಂದು ದೂರದಿಂದಲೇ ತಿಳಿಯುತ್ತದೆ, ಕೂಡಿದ್ದಕ್ಕೆ ಊರಿಗೇ ಆ ಹೆಸರು ಬಂದಿದೆ.

ಹುಡುಗ ಹನ್ನೊಂದು ರ‍್ಯಾಕ್‌ಗಳಿಗೆ ಬೇರೆ ಕಡೆ ಬೆಲೆ ಕೇಳಿದ. ನಾನು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸಿದ: ಚಿಪ್ಪಿನ ಪೂರ್ತಿ ಮಾದರಿ ಸಂಖ್ಯೆ, ಸುರುಳಿ ಚೀಟಿಯ ಫೋಟೋ, ಡ್ರೈವರಿನ ಬಿಐಎಸ್ ಸಂಖ್ಯೆ, ಚಿಪ್ಪಿನದಲ್ಲದೆ ಪೂರ್ತಿ ದೀಪದ ಪರೀಕ್ಷಾ ವರದಿ, ಬಾಯಲ್ಲಿ ಹೇಳಿದ್ದೆಲ್ಲ ಬಿಲ್ಲಿನಲ್ಲಿ. ಇಬ್ಬರು ಉತ್ತರಿಸಲಿಲ್ಲ. ಮೂರನೆಯವರು ಬರೆದರು: ಚಿಪ್ಪು ಚೀನಾದ್ದು, ದೊಡ್ಡ ಹೆಸರಿನದಲ್ಲ, ಚೀಟಿ ಇಗೋ; ಬೋರ್ಡು ಮತ್ತು ಜೋಡಣೆ ಬೆಂಗಳೂರಿನದು; ಜೂಲಿಗೆ 2.2, ಅದಕ್ಕಿಂತ ಹೆಚ್ಚು ಹೇಳಲಾರೆವು. ಅವನು ಅವರದನ್ನೇ ತರಿಸಿದ. ಬಾಳೆ ಸಸಿಗಳು ಅದರ ಕೆಳಗೆ ಈಗ ಬೇರು ಬಿಡುತ್ತಿವೆ.

ಹಳೆಯ ಪಟ್ಟಿ ನನ್ನ ಬಳಿಯೇ ಉಳಿಯಿತು. ನಮ್ಮಲ್ಲಿ ಪರೀಕ್ಷೆಗೆ ಬಂದ ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟುವುದು ರೂಢಿ. ಇದಕ್ಕೂ ಕಟ್ಟಿ ಬರೆದೆ: ‘ಎಲ್‌ಇಡಿ ಪಟ್ಟಿ. ಚಿಪ್ಪಿನ ಅಳತೆ 2.8 × 3.5 ಮಿ.ಮೀ. ಎಳೆಯುವ ವಿದ್ಯುತ್ 27 ವ್ಯಾಟ್. ಡಬ್ಬಿಯ ಮೇಲಿನ ಮಾದರಿಯ ಹೆಸರು ಇದರದಲ್ಲ. ತಯಾರಕರು ಯಾರೆಂದು ವಸ್ತುವಿನಿಂದ ತಿಳಿಯದು.’